ಬಿಸಿಲಿಗೆ ಸೋತ ಪರದೆ

ಮೇ ತಿಂಗಳ ಮಧ್ಯಾಹ್ನ ಕಡೇಚೂರಿನ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಪಹಣಿ ನೋಡೋದು ಒಂದು ಸಾಹಸ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಅದಕ್ಕೆ ಚಪ್ಪರ. ಹೆಗಲ ಮೇಲೆ ಟವೆಲ್ ಇದ್ದರೆ ಅದನ್ನೇ ತಲೆಯಿಂದ ಫೋನಿನವರೆಗೆ ಎಳೆದುಕೊಳ್ಳಬೇಕು. ಇಷ್ಟಾದ ಮೇಲೂ ಪರದೆಯಲ್ಲಿ ಕಾಣೋದು ಸರ್ವೆ ನಂಬರ್ ಅಲ್ಲ, ನಮ್ಮದೇ ಮುಖ. "ಏನೂ ಕಾಣವಲ್ದು ನೋಡ್ರಿ" ಅಂತ ಫೋನನ್ನ ಜೇಬಿಗೆ ಹಾಕಿಕೊಂಡು ಬೇವಿನ ಮರ ಹುಡುಕಿಕೊಂಡು ಹೋಗೋದೇ ದಾರಿ.

ಬೆಂಗಳೂರಿನ ಏಸಿ ಆಫೀಸಿನಲ್ಲಿ ಕೂತು ಹೊಸ ಫೋನಿನ ರಿವ್ಯೂ ಓದುವಾಗ ನಾವು ಡಿಸ್‌ಪ್ಲೇ ಬಗ್ಗೆ ಬೇರೆಯದನ್ನೇ ಕೇಳ್ತೀವಿ. ಬಣ್ಣ ಹೇಗಿದೆ, ರಿಫ್ರೆಶ್ ರೇಟ್ ಎಷ್ಟು, ಅಂಚು ತೆಳ್ಳಗಿದೆಯಾ. ಬಿಸಿಲಿನಲ್ಲಿ ನಿಂತವನಿಗೂ ಕಾಣಬೇಕು ಅನ್ನುವ ಆಸೆಯಿಂದ ಇದೇ ಬೆಂಗಳೂರಿನಲ್ಲಿ ಒಂದು ಸಾಧನ ಹುಟ್ಟಿತ್ತು. ಅದಕ್ಕೂ ಮೊದಲು, ಹಳ್ಳಿಯವರ ಕೈಗೂ ಎಟುಕಬೇಕು ಅಂತ ಇನ್ನೊಂದು ಹುಟ್ಟಿತ್ತು. ಎರಡೂ ಈಗ ಇಲ್ಲ. ಯಾಕಿಲ್ಲ ಅಂತ ಕೆದಕಿದರೆ ಪರದೆ ಮತ್ತು ಚಿಪ್ಪಿನ ಕಥೆ ಸಿಗುತ್ತೆ.

ಮೊದಲನೆಯದು ಸಿಂಪ್ಯೂಟರ್. 1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ ಮೊಳೆತ ಕಲ್ಪನೆ ಅದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈ ಅಗಲದ ಕಂಪ್ಯೂಟರ್, ಬೆರಳು ಅಥವಾ ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡಬೇಕು, ಓದಲು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಕನ್ನಡವನ್ನ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶ ಶುರುವಾದದ್ದು ಇಲ್ಲೇ. ಊರಿಗೆಲ್ಲ ಒಂದೇ ಸಿಂಪ್ಯೂಟರ್ ಸಾಕು, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತಂದು ಸಿಕ್ಕಿಸಿದರೆ ಆಯಿತು ಅನ್ನೋದು ಲೆಕ್ಕಾಚಾರ. ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ, ಅಂದರೆ ಪಹಣಿ ದಾಖಲೆಗಳ ಕೆಲಸಕ್ಕೇ ಇದನ್ನ ಬಳಸಿತ್ತು.

ಸಿಂಪ್ಯೂಟರಿನ ಪರದೆ ಕಪ್ಪು-ಬಿಳುಪಿನದು, 320 ಗುಣಿಸು 240 ಚುಕ್ಕಿ. ಇವತ್ತಿನ ಕಣ್ಣಿಗೆ ಬಡಪಾಯಿ. ಆದರೆ ಬಣ್ಣದ ಪರದೆ ಹಾಕಿದರೆ ಬೆಲೆ ಏರುತ್ತಿತ್ತು, ಬ್ಯಾಟರಿ ಇಳಿಯುತ್ತಿತ್ತು. 2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಕಂಪನಿ ಬಿಇಎಲ್ ಜೊತೆ ಸೇರಿ 'ಅಮಿಡಾ ಸಿಂಪ್ಯೂಟರ್' ಅಂತ ಮಾರುಕಟ್ಟೆಗೆ ತಂದಾಗ ಕಪ್ಪು-ಬಿಳುಪಿನ ಮಾದರಿಗೇ ಸುಮಾರು 10 ಸಾವಿರ ರೂಪಾಯಿ. ಬಣ್ಣದ್ದಕ್ಕೆ ಇನ್ನೂ ಜಾಸ್ತಿ. ಹಿಂದಿನ ವರ್ಷವಷ್ಟೇ ಬಂದಿದ್ದ ನೋಕಿಯಾ 1100 ಕೂಡ ಕಪ್ಪು-ಬಿಳುಪೇ. ಆದರೆ ಅದು ಅಗ್ಗ, ಟಾರ್ಚ್ ಬೇರೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅದರಲ್ಲಿ ಮಾತಾಡಬಹುದಿತ್ತು. ಜಗತ್ತಿನಾದ್ಯಂತ ಅದು 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಸಿಂಪ್ಯೂಟರ್ ಸಾವಿರಗಳ ಲೆಕ್ಕದಲ್ಲೇ ನಿಂತಿತು.

ಸಿಂಪ್ಯೂಟರಿನೊಳಗಿದ್ದ ಚಿಪ್ಪಿನ ಹೆಸರು ಸ್ಟ್ರಾಂಗ್‌ಆರ್ಮ್. ಅಮೆರಿಕದ ಡಿಇಸಿ ಕಂಪನಿ ಹುಟ್ಟಿಸಿದ ಈ ಚಿಪ್ಪು 1998ರ ಹೊತ್ತಿಗೆ ಇಂಟೆಲ್ ಪಾಲಾಯಿತು. ಇಂಟೆಲ್ ಅದನ್ನ ಬಿಟ್ಟು ಎಕ್ಸ್‌ಸ್ಕೇಲ್ ಕಡೆ ಹೊರಳಿತು, 2006ರಲ್ಲಿ ಎಕ್ಸ್‌ಸ್ಕೇಲನ್ನೂ ಮಾರ್ವೆಲ್‌ಗೆ ಮಾರಿತು. ಕೆಲವೇ ಸಾವಿರ ಸಾಧನ ಮಾಡುವವರನ್ನ ಇಂಥ ತೀರ್ಮಾನದ ಹೊತ್ತಲ್ಲಿ ಯಾರೂ ಕೇಳೋದಿಲ್ಲ. ಮುಂಗಾರಿನಲ್ಲಿ ಡಿಎಪಿ ಗೊಬ್ಬರಕ್ಕೆ ಸರದಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಲಾರಿಗಟ್ಟಲೆ ಎತ್ತುವವನ ಮಾತು ಮೊದಲು ನಡೆಯುತ್ತೆ, ಎರಡು ಚೀಲ ಕೇಳುವವನಿಗೆ "ನಾಳೆ ಬಾ" ಅನ್ನೋ ಉತ್ತರ.

ಇದರಲ್ಲಿ ನನಗೆ ಹೆಚ್ಚು ಚುಚ್ಚೋದು ಬಿಇಎಲ್ ವಿಷಯ. ಜಾಲಹಳ್ಳಿಯ ಇದೇ ಸಾರ್ವಜನಿಕ ಕಂಪನಿ 1962ರಲ್ಲಿ ಜರ್ಮೇನಿಯಂ ಅರೆವಾಹಕ, 1967ರಲ್ಲಿ ಸಿಲಿಕಾನ್ ಬಿಡಿಭಾಗ, 1970ರಲ್ಲಿ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಿಸಲು ಶುರು ಮಾಡಿತ್ತು. ಇಂಟೆಲ್ ಕಂಪನಿ ಹುಟ್ಟಿದ್ದು 1968ರಲ್ಲಿ. ಅಂದರೆ ಪರದೆಯೂ ಸಿಲಿಕಾನೂ ಒಂದೇ ಊರಿನಲ್ಲಿ, ಒಂದೇ ಕಾಂಪೌಂಡಿನವರ ಕೈಯಲ್ಲಿ ತಯಾರಾಗುತ್ತಿದ್ದ ಕಾಲವೊಂದಿತ್ತು. ಅದೇ ಬಿಇಎಲ್ 2004ರಲ್ಲಿ ಸಿಂಪ್ಯೂಟರ್ ಜೋಡಿಸುವಾಗ ಒಳಗಿನ ಚಿಪ್ಪಿಗೆ ಇಂಟೆಲ್ ಕಡೆ ನೋಡಬೇಕಾಯಿತು.

ಎರಡನೆಯ ಪ್ರಯತ್ನ ನೋಷನ್ ಇಂಕ್ ಕಂಪನಿಯ 'ಆ್ಯಡಂ' ಟ್ಯಾಬ್ಲೆಟ್. ರೋಹನ್ ಶ್ರವಣ್ ಮತ್ತು ಗೆಳೆಯರ ಈ ಬೆಂಗಳೂರಿನ ಕಂಪನಿ 2010ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಅದನ್ನ ತೋರಿಸಿದಾಗ ಎಲ್ಲರೂ ತಿರುಗಿ ನೋಡಿದ್ದು ಪರದೆಯನ್ನ. ಮಾಮೂಲಿ ಎಲ್‌ಸಿಡಿಗೆ ಬೆಳಕು ಹಿಂದಿನಿಂದ ಬರುತ್ತೆ. ಸೂರ್ಯನ ಬೆಳಕಿನ ಮುಂದೆ ಆ ದೀಪ ಸೋಲುತ್ತೆ, ಗೆಲ್ಲಿಸಬೇಕಾದರೆ ಬ್ಯಾಟರಿ ಸುಡಬೇಕು. ಆ್ಯಡಂನಲ್ಲಿದ್ದ ಪಿಕ್ಸೆಲ್ ಚಿ ಪರದೆಗೆ ಇನ್ನೊಂದು ಉಪಾಯ ಗೊತ್ತಿತ್ತು. ಹಿಂದಿನ ದೀಪ ಆರಿಸಿದರೆ ಅದು ಬಿಸಿಲನ್ನೇ ಪ್ರತಿಫಲಿಸಿ ಕಾಗದದ ಹಾಗೆ ಕಪ್ಪು-ಬಿಳುಪಿನಲ್ಲಿ ಅಕ್ಷರ ತೋರಿಸುತ್ತಿತ್ತು. ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಬಡದೇಶಗಳ ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡಲು ಹೊರಟಿದ್ದ ಯೋಜನೆಯಲ್ಲಿ ದುಡಿದಿದ್ದ ಮೇರಿ ಲೂ ಜೆಪ್ಸೆನ್ ಇದರ ಹಿಂದಿದ್ದವರು. ಕಡೇಚೂರಿನ ಬದುವಿಗೆ ಹೇಳಿ ಮಾಡಿಸಿದ ಪರದೆ!

ಆದರೆ ಪಿಕ್ಸೆಲ್ ಚಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಬೇರೆಯವರ ಎಲ್‌ಸಿಡಿ ಕಾರ್ಖಾನೆಯಲ್ಲಿ ಜಾಗ ಸಿಕ್ಕಾಗ ಮಾಡಿಸಬೇಕು. ಆ್ಯಡಂನ ಟೆಗ್ರಾ 2 ಚಿಪ್ಪು ಎನ್‌ವಿಡಿಯಾದ್ದು. ಎನ್‌ವಿಡಿಯಾಕ್ಕೂ ಕಾರ್ಖಾನೆ ಇಲ್ಲ, ತಯಾರಾಗೋದು ತೈವಾನಿನ ಟಿಎಸ್‌ಎಂಸಿಯಲ್ಲಿ. ಇವೆಲ್ಲ ಕೂಡಿಬಂದು ಗ್ರಾಹಕರ ಕೈಗೆ ಆ್ಯಡಂ ಸೇರುವಷ್ಟರಲ್ಲಿ 2011ರ ಜನವರಿ. ಅಷ್ಟರಲ್ಲಿ ಐಪ್ಯಾಡ್ ಬಂದು ಜಗತ್ತನ್ನೇ ಹಿಡಿದಿತ್ತು, ಎರಡು ತಿಂಗಳಲ್ಲಿ ಐಪ್ಯಾಡ್ 2 ಕೂಡ ಬಂತು. ಮನೆಯೊಳಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಆ್ಯಡಂನ ಬಣ್ಣ ಮಂಕು, ಓರೆಯಿಂದ ನೋಡಿದರೆ ಇನ್ನೂ ಮಂಕು. ಬಿಸಿಲಿಗಾಗಿ ಮಾಡಿದ ಪರದೆಗೆ ಟ್ಯೂಬ್‌ಲೈಟ್ ಕೆಳಗೆ ಪರೀಕ್ಷೆ ನಡೆಯಿತು, ಫೇಲ್ ಆಯಿತು. ಕೆಲವೇ ವರ್ಷಗಳಲ್ಲಿ ಪಿಕ್ಸೆಲ್ ಚಿ ಕೂಡ ಮರೆಯಾಯಿತು.

ಸರದಿಯ ಕೊನೆಯಲ್ಲಿ ನಿಲ್ಲೋದು ಎಷ್ಟು ದುಬಾರಿ ಅಂತ ನಮ್ಮ ಕಡೆಯವರಿಗೆ ಬಿಸಿ ಮುಟ್ಟಿದ್ದು ಕೊರೊನಾ ಕಾಲದಲ್ಲಿ. 2020ರಲ್ಲಿ ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಮೇಷ್ಟ್ರುಗಳೇ ಓಣಿಗೆ ಬರುವ 'ವಿದ್ಯಾಗಮ' ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಅಗ್ಗದ ಫೋನ್ ಅಂತ ಎಲ್ಲರೂ ಕಾದಿದ್ದ ಜಿಯೋಫೋನ್ ನೆಕ್ಸ್ಟ್ 2021ರ ಸೆಪ್ಟೆಂಬರ್ 10ಕ್ಕೆ ಬರಬೇಕಿತ್ತು. ಜಗತ್ತಿನ ಚಿಪ್ ಕೊರತೆಯಿಂದಾಗಿ ದೀಪಾವಳಿಗೆ ಹೋಯಿತು. ಬಂದಾಗ ಬೆಲೆ 6,499 ರೂಪಾಯಿ. ಆಗ ಹೆಚ್ಚು ಕೊರತೆಯಾದದ್ದು ಅತ್ಯಾಧುನಿಕ ಚಿಪ್ಪಿಗಲ್ಲ, ಅಗ್ಗದ ಸಾಧನಗಳಿಗೆ ಬೇಕಾದ ಹಳೇ ತಲೆಮಾರಿನ ಚಿಪ್ಪುಗಳಿಗೆ. ಅವುಗಳಲ್ಲಿ ಲಾಭ ಕಡಿಮೆ, ಹಾಗಾಗಿ ಹೊಸ ಕಾರ್ಖಾನೆ ಕಟ್ಟಲು ಉತ್ಸಾಹವೂ ಕಡಿಮೆ.

ಕಾರ್ಖಾನೆ ಅಂದಾಗ ಕಡೇಚೂರಿನ ಮಾತು ಬಂದೇ ಬರುತ್ತೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಕೆಐಎಡಿಬಿ ಇಲ್ಲಿ 3 ಸಾವಿರ ಎಕರೆಗೂ ಹೆಚ್ಚು ಭೂಮಿ ತಗೊಂಡಿದೆ. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು, ಅವುಗಳ ವಾಸನೆ ಮತ್ತು ತ್ಯಾಜ್ಯದ ಬಗ್ಗೆ ಊರವರ ದೂರುಗಳೂ ಬಂದವು. ಐಫೋನ್ ಜೋಡಣೆ ಕೋಲಾರದ ನರಸಾಪುರದಲ್ಲಿ. ಟಾಟಾದವರ ಚಿಪ್ ಕಾರ್ಖಾನೆಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದದ್ದು ಗುಜರಾತಿನ ಧೋಲೆರಾದಲ್ಲಿ. ಚಿಪ್ ಕಾರ್ಖಾನೆ ಕಡೇಚೂರಿಗೇ ಬರಲಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಒಂದು ಕ್ಷಣವೂ ಹೋಗದ ಕರೆಂಟು, ರಾಶಿ ರಾಶಿ ಶುದ್ಧ ನೀರು ಬೇಕು. ನಾನು ಹೇಳೋದು ಇಷ್ಟೇ: ಯಾರಿಗಾಗಿ ಮಾಡ್ತೀವಿ ಅನ್ನೋದನ್ನ ಬೆಂಗಳೂರು ಎರಡು ಸಲ ಸರಿಯಾಗಿ ಯೋಚಿಸಿತ್ತು. ಗಾಜು ಮತ್ತು ಸಿಲಿಕಾನ್ ಪರರ ಕೈಯಲ್ಲಿದ್ದುದರಿಂದ ಆ ಯೋಚನೆಗೆ ತಾಳಿಕೊಳ್ಳುವ ಶಕ್ತಿ ಇರಲಿಲ್ಲ. ಉಳಿದದ್ದು ಶೋರೂಮಿನಲ್ಲಿ ಚೆಂದ ಕಾಣುವ ಪರದೆ.

ನಮ್ಮಲ್ಲಿ ಬಹಳಷ್ಟು ಜನ ಸಂಬಳ ಬಂದ ತಿಂಗಳು ಊರಿನ ಅಪ್ಪ-ಅವ್ವನಿಗೆ ಫೋನು ತಗೊಂಡು ಕಳಿಸ್ತೀವಿ. ಮುಂದಿನ ಸಲ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಅಂಗಡಿಯವನಿಗೆ ಹೇಳಿ ಅದನ್ನ ಬಾಗಿಲ ಹೊರಗೆ ತನ್ನಿ. ಮಧ್ಯಾಹ್ನದ ಬಿಸಿಲಿಗೆ ಹಿಡಿದು ಒಂದು ಪಹಣಿ ತೆರೆದು ಓದಿ ನೋಡಿ. ಹೊಲದಲ್ಲಿ ನಿಂತವರು ಅದನ್ನ ಓದಬೇಕಾದದ್ದು ಅಲ್ಲೇ.