ಕುಟುಂಬಸ್ನೇಹಿ ಕಾನೂನುಗಳು: ಹೆತ್ತವರು ಎಲ್ಲಿ, ಹೇಗೆ ದನಿ ಎತ್ತಬೇಕು?

ಕುಟುಂಬವೇ ಕಿರು ಧರ್ಮಸಭೆ ಎಂದು ನಾವು ಪ್ರಬೋಧನೆಗಳಲ್ಲಿ ಹೇಳುತ್ತೇವೆ. ಆದರೆ ಕುಟುಂಬದ ದಿನಚರಿಯನ್ನು ಪ್ರಬೋಧನೆ ಮಾತ್ರ ರೂಪಿಸುವುದಿಲ್ಲ. ತಾಯಿಗೆ ಎಷ್ಟು ವಾರ ಹೆರಿಗೆ ರಜೆ, ಕೂಸನ್ನು ಬಿಟ್ಟು ಹೋಗಲು ಜಾಗ ಉಂಟೇ, ಊರಿನ ಶಾಲೆಯಲ್ಲಿ ಶಿಕ್ಷಕರು ಎಷ್ಟು ಮಂದಿ, ಇವೆಲ್ಲ ತೀರ್ಮಾನವಾಗುವುದು ಸರಕಾರದ ಮಟ್ಟದಲ್ಲಿ. ಅಲ್ಲಿ ಹೆತ್ತವರ ದನಿ ಕೇಳಿಸದಿದ್ದರೆ ಬೇರೆಯವರ ದನಿ ಕೇಳಿಸುತ್ತದೆ. ಪಾಲನಾ ಮಂಡಳಿ, ಸ್ತ್ರೀ ಸಂಘಟನೆ ಹಾಗೂ ವಾಳೆಯ ಗುರಿಕಾರರ ಉಪಯೋಗಕ್ಕಾಗಿ ಮುಖ್ಯ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಧರ್ಮಸಭೆಯ ಬೋಧನೆ

ಕಾರ್ಮಿಕನ ವೇತನ ಅವನ ಸಂಸಾರ ಸಾಗಿಸಲು ಸಾಕಾಗಬೇಕು ಎಂಬ ವಿಚಾರಕ್ಕೆ ಪೋಪ್ 13ನೇ ಲಿಯೋ 1891ರಲ್ಲೇ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬುನಾದಿ ಹಾಕಿದರು. 1980ರಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷರ ಸಿನೊಡ್ ಕುಟುಂಬವನ್ನೇ ವಿಷಯವಾಗಿ ತೆಗೆದುಕೊಂಡಿತು. ಅದರ ಫಲವಾಗಿ 1981ರಲ್ಲಿ ಪೋಪ್ ದ್ವಿತೀಯ ಜಾನ್ ಪಾವ್ಲ್ ಅವರ 'ಫಮಿಲಿಯಾರಿಸ್ ಕೊನ್ಸೊರ್ಸಿಯೊ' ಪ್ರಕಟವಾಯಿತು. ಕಾನೂನುಗಳು ಕುಟುಂಬಕ್ಕೆ ಹಾನಿ ಮಾಡದಂತೆ, ಬದಲಾಗಿ ಅದಕ್ಕೆ ಆಸರೆಯಾಗುವಂತೆ ನೋಡಿಕೊಳ್ಳಲು ಕುಟುಂಬಗಳೇ ಮೊದಲು ಮುಂದೆ ಬರಬೇಕು ಎಂದು ಅದರ 44ನೇ ಪರಿಚ್ಛೇದ ಹೇಳುತ್ತದೆ. 1983ರ ಅಕ್ಟೋಬರ್ 22ರ ದಿನಾಂಕ ಹೊತ್ತ 'ಕುಟುಂಬದ ಹಕ್ಕುಗಳ ಸನ್ನದು' 12 ವಿಧಿಗಳನ್ನು ಹೊಂದಿದೆ. ಕುಟುಂಬಗಳು ಸಂಘಟಿತರಾಗುವ ಹಕ್ಕು 8ನೇ ವಿಧಿಯಲ್ಲಿಯೂ, ಸರಕಾರದಿಂದ ಯೋಗ್ಯ ಕುಟುಂಬ ನೀತಿಯನ್ನು ನಿರೀಕ್ಷಿಸುವ ಹಕ್ಕು 9ನೇ ವಿಧಿಯಲ್ಲಿಯೂ ಇದೆ.

ಆದ್ದರಿಂದ ಇದು ರಾಜಕೀಯ, ಚರ್ಚಿಗೇಕೆ ಎನ್ನುವುದು ಸರಿಯಲ್ಲ. ಪಕ್ಷ ಕಟ್ಟುವುದು ಬೇರೆ, ಮಕ್ಕಳಿಗಾಗಿ ನ್ಯಾಯ ಕೇಳುವುದು ಬೇರೆ.

ಹೆರಿಗೆ ರಜೆ

2017ರ ತಿದ್ದುಪಡಿಯಿಂದ ವೇತನಸಹಿತ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ತಾಯಿ ದಿನಕ್ಕೆ 4 ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ 'ಸಾಮಾಜಿಕ ಭದ್ರತಾ ಸಂಹಿತೆ, 2020' ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದಿದ್ದು, ಈ ಸೌಲಭ್ಯಗಳನ್ನು ಉಳಿಸಿಕೊಂಡಿದೆ.

ಆದರೆ ಕೊರತೆಗಳೂ ಇವೆ. ಬದುಕಿರುವ ಇಬ್ಬರು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಗೆ 12 ವಾರ ಮಾತ್ರ ರಜೆ. ಮೂರನೆಯ ಕೂಸಿಗೆ ತಾಯಿಯ ಅಗತ್ಯ ಮೊದಲನೆಯದಕ್ಕಿಂತ ಕಡಿಮೆಯೇ? ಕೇಂದ್ರ ಸರಕಾರದ ನೌಕರನಾದ ತಂದೆಗೆ ಮೊದಲ ಇಬ್ಬರು ಮಕ್ಕಳಿಗೆ 15 ದಿನಗಳ ರಜೆ ಇದೆ. ಖಾಸಗಿ ಕೆಲಸದಲ್ಲಿರುವ ತಂದೆಗೆ ಅಂಥ ರಜೆ ಕೊಡಲೇಬೇಕೆಂಬ ಕಾನೂನಿಲ್ಲ.

ಬೀಡಿ ಕಟ್ಟುವ, ಮೀನು ಮಾರುವ ತಾಯಂದಿರು

ನಮ್ಮ ಕರಾವಳಿಯ ಅನೇಕ ತಾಯಂದಿರಿಗೆ ಹಾಜರಿ ಪುಸ್ತಕವಿಲ್ಲ. ಮನೆಯಲ್ಲೇ ಬೀಡಿ ಕಟ್ಟುವವರು, ಬುಟ್ಟಿಯಲ್ಲಿ ಮೀನು ಹೊತ್ತು ಮಾರುವವರು 26 ವಾರಗಳ ರಜೆಯನ್ನು ಯಾರಲ್ಲಿ ಕೇಳಬೇಕು? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮು ಇಂಥ ಗರ್ಭಿಣಿಯರಿಗೆ ಹಾಗೂ ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಸಿಗಬೇಕೆನ್ನುತ್ತದೆ. ಆದರೆ 'ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ'ಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಎರಡನೆಯದು ಗಂಡಾದರೆ ಏನೂ ಇಲ್ಲ. ಕಾಯ್ದೆಗೂ ಯೋಜನೆಗೂ ನಡುವಿನ ಈ ಅಂತರವನ್ನು ಸಂಸದರ ಮುಂದೆ ಇಡುವುದು ನ್ಯಾಯವಾದ ಬೇಡಿಕೆ.

ರಾಜ್ಯ ಸರಕಾರ 2023ರಲ್ಲಿ ಪ್ರಕಟಿಸಿದ 'ಕೂಸಿನ ಮನೆ' ಯೋಜನೆಯಲ್ಲಿ 4,000 ಗ್ರಾಮ ಪಂಚಾಯತ್‌ಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವ ಗುರಿಯಿತ್ತು. ನಿಮ್ಮ ಪಂಚಾಯತ್‌ನಲ್ಲಿ ಅದು ಇದೆಯೇ, ದಿನವೂ ತೆರೆದಿರುತ್ತದೆಯೇ ಎಂದು ವಿಚಾರಿಸಿ.

ಶಾಲೆಯಲ್ಲಿ ಹೆತ್ತವರು

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಇಂಥ ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಹೆತ್ತವರು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದೂ ಅನುದಾನದ ಬಳಕೆಯನ್ನು ಗಮನಿಸುವುದೂ ಅವರ ಕೆಲಸ. 2012ರ ತಿದ್ದುಪಡಿಯಂತೆ ಅನುದಾನಿತ ಶಾಲೆಗಳಲ್ಲಿ ಹಾಗೂ ಅಲ್ಪಸಂಖ್ಯಾತರ ಶಾಲೆಗಳಲ್ಲಿ ಸಮಿತಿ ಸಲಹೆ ಮಾತ್ರ ನೀಡಬಹುದು. ಸಲಹೆ ಮಾತ್ರ ಎಂದರೆ ಕೇಳಬೇಕಾಗಿಲ್ಲ ಎಂದರ್ಥವಲ್ಲ. ಇದನ್ನು ನಮ್ಮ ಶಾಲಾ ಸಂಚಾಲಕರೂ ಗಮನಿಸಬೇಕು.

ಗ್ರಾಮಸಭೆ

6 ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಮಕ್ಕಳೂ ಹಿಂದುಳಿದಿಲ್ಲ. ಕುಂದಾಪುರ ತಾಲೂಕಿನ ಕೆಲವು ಪಂಚಾಯತ್‌ಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಆರಂಭವಾಗಿತ್ತು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯಕ್ಕೇ ವಿಸ್ತರಿಸಿತು. ಶಾಲೆಗೆ ಹೋಗುವ ದಾರಿಯ ಕಾಲುಸಂಕದ ವಿಷಯವನ್ನು ಮಗು ಎದ್ದು ನಿಂತು ಹೇಳಬಲ್ಲದಾದರೆ ಹೆತ್ತವರಾದ ನಾವು ಮೌನವಾಗಿರುವುದೇಕೆ?

ಧರ್ಮಕೇಂದ್ರಗಳು ಮಾಡಬಹುದಾದದ್ದು

1. ವಾಳೆಯ ಕೂಟದಲ್ಲಿ ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ. ಹತ್ತು ಬೇಡಿಕೆಗಳ ಮನವಿ ಕಪಾಟು ಸೇರುತ್ತದೆ.

2. ಅದು ಯಾರ ಅಧಿಕಾರಕ್ಕೆ ಸೇರಿದ್ದು ಎಂದು ತಿಳಿಯಿರಿ. ಹೆರಿಗೆ ರಜೆಯ ಕಾನೂನು ಸಂಸತ್ತಿನದು. ಕೂಸಿನ ಮನೆಯ ಬೀಗ ತೆಗೆಸುವುದು ಪಂಚಾಯತ್‌ನ ಕೆಲಸ.

3. ಇತರ ಧರ್ಮಗಳ ಹೆತ್ತವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅಂಗನವಾಡಿಯ ಸೋರುವ ಮಾಡು ಎಲ್ಲ ಮಕ್ಕಳ ಮೇಲೂ ಸೋರುತ್ತದೆ.

4. ಮನವಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ; ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು.

ಕೊನೆಯದಾಗಿ ಒಂದು ಮಾತು. ಸರಕಾರವನ್ನು ಕೇಳುವ ನಾವು ನಮ್ಮ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುವ ತಾಯಂದಿರಿಗೆ ಏನು ಕೊಡುತ್ತಿದ್ದೇವೆ ಎಂಬುದನ್ನೂ ನೋಡಬೇಕು. ಒಬ್ಬ ಶಿಕ್ಷಕಿಗೆ ಪೂರ್ಣ ಹೆರಿಗೆ ರಜೆ, ಒಬ್ಬ ದಾದಿಗೆ ಕೂಸನ್ನು ಬಿಡಲು ಒಂದು ಕೋಣೆ ನಮ್ಮಲ್ಲೇ ಸಿಕ್ಕಿದರೆ, ನಾವು ಬರೆಯುವ ಮನವಿಗೆ ತೂಕ ಬರುತ್ತದೆ. ನಜರೇತಿನ ಪವಿತ್ರ ಕುಟುಂಬ ನಮ್ಮೆಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.