ಕಿಱುಕುಳದಿಂದ ಪ್ರಮಾಣಪತ್ರಕ್ಕೆ: ತಲೆಹೊರೆಯ ವ್ಯಾಪಾರಿ ಮತ್ತು ಪರವಾನಗಿಯ ಚರಿತ್ರೆ

‘ಕಿರುಕುಳ’ ಎಂಬ ಮಾತನ್ನು ಇಂದು ನಾವು ಪೀಡೆ, ಕಾಟ, ಹಿಂಸೆ ಎಂಬ ಅರ್ಥದಲ್ಲಷ್ಟೇ ಬಳಸುತ್ತೇವೆ. ಶಾಸನಗಳನ್ನು ಓದುವವರಿಗೆ ಈ ಪದದ ಇನ್ನೊಂದು ಮುಖವೂ ಪರಿಚಿತ. ಅಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳ ಸಾಲಿನಲ್ಲಿಯೇ ‘ಕಿಱುಕುಳ’ವೂ ಬರುತ್ತದೆ. ಹಿರಿಯ ಸರಕಿನ ಮೇಲಿನ ದೊಡ್ಡ ಸುಂಕ ಹೆಜ್ಜುಂಕ. ಚಿಲ್ಲರೆ ಸರಕಿನ ಮೇಲಿನ ಸಣ್ಣ ಸುಂಕ ಕಿಱುಕುಳ. ಸುಂಕದಿಂದಲೇ ಪೀಡೆಯ ಅರ್ಥ ಹುಟ್ಟಿತೆಂದು ನಾನು ವಾದಿಸುವುದಿಲ್ಲ. ಪದದ ಮೂಲದಲ್ಲಿರುವುದು ‘ಕಿಱಿದು’ ಎಂಬ ಭಾವ. ಅಲ್ಪವಾದುದು, ಕ್ಷುಲ್ಲಕವಾದುದು ಎಂಬಲ್ಲಿಂದ ಎರಡು ಕವಲುಗಳು ಒಡೆದಿರಬೇಕು. ಆದರೂ ಸಣ್ಣ ಸರಕನ್ನು ಹೊತ್ತು ಮಾರುವವನ ಬದುಕಿನಲ್ಲಿ ಆ ಎರಡು ಅರ್ಥಗಳೂ ಒಂದಕ್ಕೊಂದು ಎಷ್ಟು ಹತ್ತಿರವಾಗಿದ್ದವು ಎಂಬುದನ್ನು ಸಾವಿರ ವರ್ಷಗಳ ದಾಖಲೆಗಳೇ ಹೇಳುತ್ತವೆ.

ಈ ಚರಿತ್ರೆಯನ್ನು ನೋಡಲು ಕನಕಪುರ ಒಂದು ಒಳ್ಳೆಯ ನೆಲೆ. ಹಳೆಯ ದಾಖಲೆಗಳ ಕಾನಕಾನಹಳ್ಳಿ ಇದೇ. ಅರ್ಕಾವತಿಯ ದಡದ ಈ ಊರಿಗೆ ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯ ಹಳ್ಳಿಗಳ ಜನ ರಾಗಿ, ರೇಷ್ಮೆಗೂಡು ಹೊತ್ತು ಬರುತ್ತಾರೆ. ಊರಿನಿಂದ ಆ ಹಳ್ಳಿಗಳ ಮನೆಬಾಗಿಲಿಗೆ ಬಟ್ಟೆ, ಪಾತ್ರೆ, ಬಳೆ, ಪ್ಲಾಸ್ಟಿಕ್ ಸಾಮಾನು ಹೊತ್ತವರು ಹೋಗುತ್ತಾರೆ. ಹೀಗೆ ಹೋಗುವವನಿಗೆ ಯಾರ ಅಪ್ಪಣೆ ಬೇಕು? ಆ ಅಪ್ಪಣೆ ಅವನನ್ನು ಕಾಯುತ್ತದೆಯೋ, ಅವನ ಮೇಲೆ ಕಾವಲಿರಿಸುತ್ತದೆಯೋ?

ಮಧ್ಯಕಾಲದ ಕರ್ನಾಟಕದ ವ್ಯಾಪಾರವೆಂದೊಡನೆ ನಮಗೆ ನೆನಪಾಗುವುದು ಅಯ್ಯಾವೊಳೆಯ ಐನೂರ್ವರು. ಅವರ ಪ್ರಶಸ್ತಿಗಳಲ್ಲಿ ಆನೆ, ಕುದುರೆ, ಮುತ್ತು, ಕರ್ಪೂರ, ಕಸ್ತೂರಿಗಳ ವೈಭವವೇ ಎದ್ದು ಕಾಣುವುದರಿಂದ ಅವರೆಲ್ಲರೂ ಕೋಟ್ಯಧೀಶರೆಂಬ ಭಾವನೆ ನಮ್ಮ ಪಠ್ಯಗಳಲ್ಲಿ ಬೇರೂರಿದೆ. ಹನ್ನೊಂದನೆಯ ಶತಮಾನದ, ಶಿಕಾರಿಪುರ ತಾಲ್ಲೂಕಿನ ಪ್ರಸಿದ್ಧ ಶಾಸನವೊಂದು ಅದೇ ವರ್ತಕರು ಸರಕನ್ನು ಸಗಟಾಗಿ ಮಾರುವುದನ್ನೂ ಹೆಗಲ ಮೇಲೆ ಹೊತ್ತು ತಿರುಗಿ ಮಾರುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸುಂಕಕ್ಕೆ ನಷ್ಟವಾಗದಂತೆ ನಡೆದುಕೊಂಡು ಅರಸನ ಬೊಕ್ಕಸ ತುಂಬುವುದು ಅವರ ಹೆಮ್ಮೆಯ ಮಾತಾಗಿ ಅಲ್ಲಿ ದಾಖಲಾಗಿದೆ. ಹೆಗಲ ಹೊರೆಯವನು ಸಂಘದ ಹೊರಗಿನವನಲ್ಲ, ಒಳಗಿನವನೇ. ಅವನಿಗೆ ಪರವಾನಗಿ ಬರೆದುಕೊಟ್ಟವರಿಲ್ಲ. ನಾನಾದೇಶಿಯೆಂಬ ಹೆಸರೇ ಅವನ ಪರವಾನಗಿ.

ಶಾಸನಗಳು ಸುಂಕದ ದರವನ್ನು ಹೇಳುವ ಕ್ರಮವೂ ಗಮನಾರ್ಹ. ಭಂಡಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಲೆಕ್ಕ ಇಳಿಯುತ್ತ ಬರುತ್ತದೆ. ಎಲೆಯ ಹೊರೆಗೆ ಇಂತಿಷ್ಟು ಎಲೆಯೆಂದು ಸರಕಿನಲ್ಲಿಯೇ ಕೊಡುವ ಪದ್ಧತಿಯೂ ಇತ್ತು. ಈ ಸುಂಕದ ಒಂದು ಪಾಲು ಗುಡಿಗೂ ಬಸದಿಗೂ ಕೆರೆಗೂ ದತ್ತಿಯಾಗುತ್ತಿತ್ತು. ತೇರದಾಳದ ನೇಮಿನಾಥ ಬಸದಿಗೆ ಸಂಬಂಧಿಸಿದ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆಯ ವರ್ತಕರು ಕಾಣಿಸಿಕೊಳ್ಳುವುದು ಇಂಥ ಸಂದರ್ಭದಲ್ಲಿಯೇ. ಜೈನ ಶ್ರಾವಕಾಚಾರ ವ್ಯಾಪಾರಿಯನ್ನು ಇನ್ನೊಂದು ಬದಿಯಿಂದ ಹಿಡಿಯುತ್ತದೆ. ತತ್ತ್ವಾರ್ಥಸೂತ್ರ ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವನ್ನು, ಎಂದರೆ ಸುಳ್ಳು ಅಳತೆ ತೂಕಗಳನ್ನು, ‘ವಿರುದ್ಧರಾಜ್ಯಾತಿಕ್ರಮ’ದ ಪಕ್ಕದಲ್ಲಿಯೇ ಇಡುತ್ತದೆ. ಗಿರಾಕಿಗೆ ಮೋಸ ಮಾಡುವುದೂ ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಸರಕು ಸಾಗಿಸುವುದೂ ಒಂದೇ ಪಟ್ಟಿಯ ದೋಷಗಳು.

ಸುಂಕದ ಕಟ್ಟೆಯ ಈಚೆಗಿದ್ದವರು ಏನು ನೆನೆದರು? ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೇ ಒಬ್ಬನಿದ್ದಾನೆ. ಸುಂಕ ವಸೂಲಿ ಅವನ ಕಾಯಕ, ಬಂಕೇಶ್ವರಲಿಂಗ ಅವನ ಅಂಕಿತ. ಕಟ್ಟೆಯ ಆಚೆ ಹೊರೆ ಹೊತ್ತು ನಿಂತವನ ದನಿ ಬೇಕಾದರೆ ಪುರಂದರದಾಸರ ಕಲ್ಲುಸಕ್ಕರೆಯ ಕೀರ್ತನೆಯನ್ನು ನೋಡಬೇಕು. ಭಕ್ತಿಗೀತೆಯೆಂದು ನಾವು ಹಾಡಿಕೊಳ್ಳುವ ಆ ರಚನೆಯ ಚೌಕಟ್ಟು ಅಪ್ಪಟ ಬೀದಿ ವ್ಯಾಪಾರಿಯ ಕೂಗು. ದಾಸರು ತಮ್ಮ ಸರಕನ್ನು ಹೊಗಳುವಾಗ ಎತ್ತಿನ ಹೇರು, ಗೋಣಿ, ಸಂತೆಗಳ ತಾಪತ್ರಯ ಇದಕ್ಕಿಲ್ಲವೆನ್ನುತ್ತಾರೆ. ಬಾಡಿಗೆಯೂ ಸುಂಕವೂ ಇಲ್ಲದ ಸರಕೆಂಬುದು ಅವರ ವರ್ಣನೆಯ ತೂಕದ ಮಾತು. ಸುಂಕವಿಲ್ಲದಿರುವುದೇ ಸರಕಿನ ಹಿರಿಮೆಯಾಗಬೇಕಾದರೆ ಕೇಳುವವರ ನಿತ್ಯದ ಅನುಭವ ಎಂಥದಿತ್ತು ಎಂದು ಊಹಿಸಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂಬ ಗಾದೆಯೂ ಅದೇ ಕಟ್ಟೆಯ ಬಳಿ ಹುಟ್ಟಿದ್ದು.

ಮುಂದೆ ಈ ಸುಂಕಗಳು ಹುತ್ತದಂತೆ ಬೆಳೆದವು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ ಸಾಯರ್ ಬಾಬಿನ 769 ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಗೆಜೆಟಿಯರ್ ಹೇಳುತ್ತದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಒಂದೊಂದು ತೆರಿಗೆ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಜರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತೆರುತ್ತಿದ್ದ ತೆರಿಗೆಯೂ ಆ ಪಟ್ಟಿಯಲ್ಲಿದೆ. ಇದನ್ನು ಓದಿ ನಕ್ಕು ಮುಂದೆ ಸಾಗುವುದು ಸುಲಭ. ಆದರೆ ರದ್ದಾದ ಬಾಬುಗಳ ಸಂಖ್ಯೆಯೇ ಇಷ್ಟಿದ್ದರೆ, ಕಟ್ಟೆಯಿಂದ ಕಟ್ಟೆಗೆ ತಲೆಹೊರೆ ಇಳಿಸಿ ಬಿಚ್ಚಿ ತೋರಿಸಬೇಕಿದ್ದವನ ದಿನದಲ್ಲಿ ವ್ಯಾಪಾರಕ್ಕೆ ಉಳಿಯುತ್ತಿದ್ದ ಹೊತ್ತೆಷ್ಟು?

ಸುಂಕ ಸಡಿಲವಾಗುತ್ತಿದ್ದ ಅದೇ ಶತಮಾನದಲ್ಲಿ ಇನ್ನೊಂದು ಬಗೆಯ ಕಟ್ಟು ಬಿಗಿಯಾಯಿತು. ಈ ಭಾಗದ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿಗರೂ ಕೊರಚ, ಕೊರವ ಸಮುದಾಯಗಳೂ ರಸ್ತೆ, ರೈಲುಗಳು ಬರುವ ಮುನ್ನ ಒಳನಾಡಿನ ಜೀವನಾಡಿಯಾಗಿದ್ದವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಚನ್ನಪಟ್ಟಣದ ದಾರಿ ಬಿಟ್ಟು ಕಾನಕಾನಹಳ್ಳಿಯ ದಾರಿ ಹಿಡಿದಾಗ, ಶತ್ರುವಿಗೆ ಕಾಳೂ ಮೇವೂ ದಕ್ಕದಂತೆ ಟಿಪ್ಪು ಈ ಸೀಮೆಯನ್ನು ಬರಿದು ಮಾಡಿಸಿದನು. ಹಸಿದ ಸೈನ್ಯ ಹಿಮ್ಮೆಟ್ಟಬೇಕಾಯಿತು. ಆ ಯುದ್ಧದಲ್ಲಿ ಬ್ರಿಟಿಷರ ದಂಡಿಗೆ ಧಾನ್ಯ ಪೂರೈಸಿ ಉಳಿಸಿದವರಲ್ಲಿ ಹೇರೆತ್ತಿನ ಬಂಜಾರರು ಪ್ರಮುಖರು. ಆಗ ಅವರ ಅಲೆದಾಟ ಬೇಕಾದ ಗುಣವಾಗಿತ್ತು.

1871ರಲ್ಲಿ ಎರಡು ಕಾಯಿದೆಗಳು ಹೊರಬಂದವು. ಇಂಗ್ಲೆಂಡಿನ ಪೆಡ್ಲರ್ಸ್ ಆಕ್ಟ್, ಕಾಲ್ನಡಿಗೆಯಲ್ಲಿ ಊರೂರು ಮನೆಮನೆ ತಿರುಗಿ ಮಾರುವವನಿಗೆ ಪೊಲೀಸ್ ಅಧಿಕಾರಿಯಿಂದ ಪ್ರಮಾಣಪತ್ರ ಕೊಡಿಸಿತು. ವಯಸ್ಸು 17 ಮೀರಿರಬೇಕು, ನಡತೆ ಒಳ್ಳೆಯದಿರಬೇಕು, ಐದು ಷಿಲಿಂಗ್ ಶುಲ್ಕ ಕೊಡಬೇಕು. ಅಷ್ಟಾದರೆ ತಿರುಗುವ ಹಕ್ಕು ಅವನದು. ಅದೇ 1871ರಲ್ಲಿ ಭಾರತದಲ್ಲಿ ಜಾರಿಗೆ ಬಂದದ್ದು ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಮೊದಲು ಉತ್ತರದ ಪ್ರಾಂತಗಳಿಗೆ ಸೀಮಿತವಾಗಿದ್ದ ಅದು 1911ರ ಹೊಸ ಕಾಯಿದೆಯೊಂದಿಗೆ ಮದರಾಸು ಪ್ರಾಂತಕ್ಕೂ ಬಂತು. ಅಂದು ಮದರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಯ ಕನ್ನಡಿಗರೂ ಅದರ ವ್ಯಾಪ್ತಿಗೆ ಬಿದ್ದರು. ಉಪ್ಪಿನ ವ್ಯಾಪಾರ ರೈಲಿನ ಪಾಲಾಗಿ ಕಸುಬು ಕಳೆದುಕೊಂಡಿದ್ದ ಕೊರಚ, ಕೊರವರ ಗುಂಪುಗಳು ಹುಟ್ಟಿನಿಂದಲೇ ಅಪರಾಧಿಗಳೆಂದು ನೋಂದಣಿಯಾದವು; ಹಾಜರಿ ಹಾಕುವುದೂ ಊರು ಬಿಡಲು ಪಾಸು ಪಡೆಯುವುದೂ ಕಡ್ಡಾಯವಾಯಿತು. ಅಲ್ಲಿ ಕಾಗದ ತಿರುಗಲು ಬಿಟ್ಟಿತು, ಇಲ್ಲಿ ಕಾಗದ ತಿರುಗುವವನನ್ನು ಹಿಡಿದು ನಿಲ್ಲಿಸಿತು. ಒಂದೇ ಸಂಸತ್ತಿನ ಅಧೀನದಲ್ಲಿ ಒಂದೇ ವರ್ಷ ನಡೆದ ಈ ಎರಡು ಸಂಗತಿಗಳನ್ನು ನಮ್ಮ ಸಮಾಜಚರಿತ್ರೆಯ ಪುಸ್ತಕಗಳು ಅಕ್ಕಪಕ್ಕದಲ್ಲಿಟ್ಟು ನೋಡಿದ್ದು ಕಡಿಮೆ. 1952ರಲ್ಲಿ ಕಾಯಿದೆ ರದ್ದಾಯಿತು. ಹೊಸ ಮುಖದ ವ್ಯಾಪಾರಿ ಬೀದಿಗೆ ಬಂದೊಡನೆ ‘ಯಾರೋ ಏನೋ’ ಎಂದು ಅನುಮಾನಿಸುವ ಅಭ್ಯಾಸ ಮಾತ್ರ ಕಾಯಿದೆಯೊಂದಿಗೆ ಹೋಗಲಿಲ್ಲ.

ಈ ಅನುಮಾನದ ಎದುರಿಗೆ ಬಳೆಗಾರನನ್ನು ನಿಲ್ಲಿಸಿ ನೋಡಬೇಕು. ಜನಪದ ಹಾಡುಗಳಲ್ಲಿ ಅವನು ತವರಿನ ದಾರಿ ಬಲ್ಲವನು, ಹೆಣ್ಣುಮಕ್ಕಳ ಸುದ್ದಿ ಒಯ್ಯುವವನು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಬಳೆಗಾರ ಚೆನ್ನಯ್ಯನನ್ನು ಕನ್ನಡಿಗರೆಲ್ಲರ ಮನೆಬಾಗಿಲಿಗೆ ತಂದು ನಿಲ್ಲಿಸಿತು. ಪರಪುರುಷನೊಬ್ಬ ಮನೆಯ ಹೆಂಗಸರ ಕೈ ಹಿಡಿದು ಬಳೆ ತೊಡಿಸಬಹುದಾದ ಸಮಾಜದಲ್ಲಿ ಅವನಿಗೆ ಸಿಕ್ಕಿದ್ದ ಪರವಾನಗಿ ಯಾವ ಕಚೇರಿಯದೂ ಅಲ್ಲ. ವರ್ಷವರ್ಷವೂ ಅದೇ ಬಾಗಿಲಿಗೆ ಬಂದದ್ದರಿಂದ ಬಂದ ನಂಟು ಅದು. ಆ ನಂಟಿಲ್ಲದ ಕಡೆ ‘ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಬರುತ್ತದೆ. ಅಮೆರಿಕದ ವಯೋಮಿಂಗ್ ಸಂಸ್ಥಾನದ ಗ್ರೀನ್ ರಿವರ್ ಎಂಬ ಸಣ್ಣ ಊರು ಇಂಥ ಫಲಕವನ್ನೇ 1931ರಲ್ಲಿ ಊರಿನ ಕಟ್ಟಳೆಯಾಗಿ ಮಾಡಿ, ಮನೆಯವರು ಕರೆಯದೆ ಮಾರಾಟಗಾರ ಬಾಗಿಲು ತಟ್ಟುವುದನ್ನೇ ಅಪರಾಧವೆಂದು ಸಾರಿತು. ಅಂಥ ಕಟ್ಟಳೆಗಳಿಗೆ ಇಂದಿಗೂ ಆ ಊರಿನದೇ ಹೆಸರು.

ಕಟ್ಟಳೆಯೆಲ್ಲವೂ ಬಡವನ ವಿರುದ್ಧವೇ ಎಂದು ಹೇಳಿದರೆ ಅನ್ಯಾಯವಾದೀತು. ಕನಕಪುರದ ಗೂಡಿನ ಮಾರುಕಟ್ಟೆಯೇ ಅದಕ್ಕೆ ಉತ್ತರ. ಒಂದು ಕಾಲಕ್ಕೆ ರೇಷ್ಮೆಗೂಡಿನ ವ್ಯಾಪಾರಿಗಳು ರೈತನ ಮನೆಗೇ ಬಂದು, ಕಣ್ಣಂದಾಜಿನಲ್ಲಿ ಬೆಲೆ ಕಟ್ಟಿ ಗೂಡು ಎತ್ತಿಕೊಂಡು ಹೋಗುತ್ತಿದ್ದರು. ಗೂಡು ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲು ಹಾಳು. ಹೊತ್ತು ಕಳೆದಂತೆ ರೈತನ ಬಾಯಿ ಕಟ್ಟಿಹೋಗುತ್ತಿತ್ತು. ರೇಷ್ಮೆಹುಳು ಬಿತ್ತನೆ, ಗೂಡು ಮತ್ತು ನೂಲನ್ನು ಕುರಿತ 1959ರ ರಾಜ್ಯ ಕಾಯಿದೆ ಮನೆಬಾಗಿಲ ಖರೀದಿಯನ್ನು ತಡೆದು, ಪರವಾನಗಿ ಪಡೆದ ರೀಲರುಗಳು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿನಲ್ಲಿಯೇ ಕೊಳ್ಳಬೇಕೆಂಬ ವ್ಯವಸ್ಥೆಗೆ ದಾರಿ ಮಾಡಿತು. ಇಲ್ಲಿ ಬಾಗಿಲಿಗೆ ಬಂದವನೇ ಬಲಶಾಲಿ, ಬಾಗಿಲಲ್ಲಿ ನಿಂತವನೇ ದುರ್ಬಲ. ಹಾಗಾಗಿ ಪರವಾನಗಿಯ ನ್ಯಾಯಾನ್ಯಾಯವನ್ನು ತೀರ್ಮಾನಿಸುವ ಮುನ್ನ ಹೊಸ್ತಿಲ ಯಾವ ಬದಿಯಲ್ಲಿ ಬಲವಿದೆಯೆಂದು ಕೇಳಿಕೊಳ್ಳಬೇಕಾಗುತ್ತದೆ.

ಇನ್ನು ವರ್ತಮಾನದ ಕಾನೂನು. 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ಮಾರುವುದೂ ಸಂವಿಧಾನದ 19ನೆಯ ವಿಧಿಯ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ನ್ಯಾಯವಾದ ನಿರ್ಬಂಧಗಳಿಗೆ ಅದು ಒಳಪಟ್ಟಿದೆ ಎಂದಿತು. ಕಾಲು ಶತಮಾನದ ನಂತರ ಬೀದಿ ಬದಿ ವ್ಯಾಪಾರಿಗಳ 2014ರ ಕೇಂದ್ರ ಕಾಯಿದೆ ಬಂತು. ಅದರ ವ್ಯಾಖ್ಯೆಯಲ್ಲಿ ಸ್ಥಳದಿಂದ ಸ್ಥಳಕ್ಕೆ ತಿರುಗಿ ಮಾರುವವನಿಗೂ ಜಾಗವಿದೆ; ಆಯಾ ಪ್ರದೇಶದಲ್ಲಿ ಬಳಕೆಯಲ್ಲಿರುವ ಎಲ್ಲ ಹೆಸರುಗಳನ್ನೂ ಅದು ಒಳಗೊಳ್ಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಜಪ್ತಿಯಾದ ಹಣ್ಣು, ತರಕಾರಿಯಂಥ ಸರಕನ್ನು ಅದೇ ದಿನ ಹಿಂತಿರುಗಿಸಬೇಕು. 27ನೆಯ ಪ್ರಕರಣವಂತೂ ಪೊಲೀಸರಿಂದಲೂ ಇತರ ಅಧಿಕಾರಿಗಳಿಂದಲೂ ಆಗುವ ಕಿರುಕುಳದ ತಡೆಗೇ ಮೀಸಲು. ಶಾಸನಗಳ ಆ ಹಳೆಯ ಪದ ಹೀಗೆ ತೆರಿಗೆಯ ಪಟ್ಟಿಯಿಂದ ರಕ್ಷಣೆಯ ಪ್ರಕರಣಕ್ಕೆ ಬಂದಿದೆ. ಮುಂದಿನ 28ನೆಯ ಪ್ರಕರಣವನ್ನೂ ಓದಬೇಕು: ಪ್ರಮಾಣಪತ್ರವಿಲ್ಲದೆ ಮಾರಿದವನಿಗೆ, ಷರತ್ತು ಮುರಿದವನಿಗೆ 2,000 ರೂಪಾಯಿಯವರೆಗೆ ದಂಡ. ಕಿರುಕುಳ ಕೊಟ್ಟವರಿಗೆ ಎಷ್ಟು ದಂಡವೆಂದು ಕಾಯಿದೆ ಹೇಳುವುದಿಲ್ಲ.

ಕನಕಪುರದಂಥ ಊರಿಗೆ ಈ ಕಾಯಿದೆಯನ್ನು ಹೊಂದಿಸಿ ನೋಡಿದಾಗ ಎರಡು ತೊಡಕುಗಳು ಎದ್ದು ಕಾಣುತ್ತವೆ. ಪ್ರಮಾಣಪತ್ರ ಪಡೆಯುವವನು ತನಗೆ ಬೇರಾವ ಜೀವನೋಪಾಯವೂ ಇಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಮಹಾನಗರದ ಪಾದಚಾರಿ ಮಾರ್ಗದವನಿಗೆ ಇದು ಸರಿಹೋದೀತು. ಮಳೆಗಾಲದಲ್ಲಿ ಒಂದೆರಡು ಎಕರೆ ರಾಗಿ ಬಿತ್ತಿ, ಎರಡು ಬೆಳೆ ಹುಳು ಸಾಕಿ, ಬೇಸಿಗೆಯಲ್ಲಿ ಬಟ್ಟೆಯ ಗಂಟು ಹೊತ್ತು ಹೊರಡುವವನು ಏನೆಂದು ಬರೆಯಬೇಕು? ನಿಜ ಬರೆದರೆ ಪತ್ರವಿಲ್ಲ, ಸುಳ್ಳು ಬರೆದರೆ ಪತ್ರ ನಿಲ್ಲುವುದಿಲ್ಲ. ಇನ್ನೊಂದು ತೊಡಕು ಎಲ್ಲೆಯದು. ಕಾಯಿದೆ ‘ಸ್ಥಳೀಯ ಪ್ರಾಧಿಕಾರ’ವೆಂದು ಹೆಸರಿಸುವುದು ಮಹಾನಗರಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿಯಂಥ ನಗರ ಸಂಸ್ಥೆಗಳನ್ನು, ಗ್ರಾಮ ಪಂಚಾಯಿತಿ ಆ ವ್ಯಾಖ್ಯೆಯೊಳಗಿಲ್ಲ. ಕನಕಪುರ ನಗರಸಭೆ ಕೊಟ್ಟ ಚೀಟಿ ಜೇಬಿನಲ್ಲಿದ್ದರೂ ಊರಿನ ಗಡಿ ದಾಟಿ ಹಳ್ಳಿಯ ಸಂತೆಮಾಳಕ್ಕೆ ಕಾಲಿಟ್ಟೊಡನೆ ಅದು ಬರಿಯ ಕಾಗದ. ಸಂತೆಯ ಸುಂಕ ವಸೂಲಿಯನ್ನು ಹರಾಜು ಹಾಕುವ ಪದ್ಧತಿ ನಮ್ಮ ಹಳ್ಳಿ, ಪಟ್ಟಣಗಳಲ್ಲಿ ಇನ್ನೂ ಉಳಿದಿದೆ. ಅಲ್ಲಿ ಹರಾಜು ಹಿಡಿದವನ ಕಡೆಯವರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಗಾಡಿಗೆ ಇಷ್ಟು, ಗಂಟಿಗೆ ಇಷ್ಟು, ಬುಟ್ಟಿಗೆ ಇಷ್ಟು ಎಂದು ಹರಿದುಕೊಡುತ್ತಾರೆ. ಭಂಡಿ, ಹೇರು, ತಲೆಹೊರೆ ಎಂಬ ಹಳೆಯ ಕ್ರಮವೇ.