ರಾಮಾಚಾರಿ

ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' (1972) ಚಲನಚಿತ್ರದ ನಾಯಕಪಾತ್ರ. ವಿಷ್ಣುವರ್ಧನ್ ಅಭಿನಯಿಸಿದ ರಾಮಾಚಾರಿ ಚಿತ್ರದುರ್ಗದ ಮುಂಗೋಪಿ ಕಾಲೇಜು ವಿದ್ಯಾರ್ಥಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಶಿಕ್ಷೆಗೊಳಗಾದ ಅವನು, ಅವಮಾನದ ಸೇಡಿಗೆ ಪ್ರಾಂಶುಪಾಲರನ್ನು ರಾತ್ರಿವೇಳೆ ಕಂಬಕ್ಕೆ ಕಟ್ಟುವ ಸನ್ನಿವೇಶವು ಪಾತ್ರದ ಸ್ವಭಾವವನ್ನು ಆರಂಭದಲ್ಲೇ ನಿರೂಪಿಸುತ್ತದೆ. ಹೆತ್ತವರಿಗೂ ಬಗ್ಗದ ಅವನನ್ನು ತಿದ್ದಬಲ್ಲವರು ಶಾಲೆಯಲ್ಲಿ ಕಲಿಸಿದ ಗುರು ಚಾಮಯ್ಯ ಮೇಷ್ಟ್ರು (ಕೆ.ಎಸ್. ಅಶ್ವತ್ಥ್) ಮಾತ್ರ. ಅವರ ಮಾತಿಗೆ ಕಟ್ಟುಬಿದ್ದು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುವುದು ಅವನ ಬೆಳವಣಿಗೆಯ ಮುಖ್ಯ ತಿರುವು; ಮುಂದೆ ಆಕೆ ವೇಶ್ಯಾವೃತ್ತಿಗೆ ಬಿದ್ದುದನ್ನು ಕಂಡ ಮೇಲೆ ಆ ವಿಧೇಯತೆಯೇ ಪಶ್ಚಾತ್ತಾಪಕ್ಕೆ ಕಾರಣವಾಗಿ, ನಂತರ ಪ್ರೀತಿಸಿದ ಮಾರ್ಗರೆಟ್‌ಳ ವಿಷಯದಲ್ಲಿ ಅವನು ಗುರುವಿಗೂ ಮಣಿಯುವುದಿಲ್ಲ. ಬೆಟ್ಟದ ಮೇಲಿನ ವಾಗ್ವಾದದಲ್ಲಿ ಗುರು ಕೆಳಗುರುಳಿ ಸಾಯುತ್ತಾರೆ; ಪ್ರೇಮಿಗಳಿಬ್ಬರೂ ಪ್ರಪಾತಕ್ಕೆ ಹಾರುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಯೋಶಿತೋಕಿ ಓಇಮಾ ಅವರ ಮಾಂಗಾ (ಜಪಾನಿನ ಚಿತ್ರಕಥಾ ಪ್ರಕಾರ) 'ಕೋಯೆ ನೊ ಕತಾಚಿ'ಯಲ್ಲಿ (2013–14) ಕಿವುಡ ಸಹಪಾಠಿಯನ್ನು ಪೀಡಿಸಿದ್ದ ಬಾಲಕ ಮುಂದೆ ಸಂಜ್ಞಾಭಾಷೆ ಕಲಿತು ಕ್ಷಮೆ ಕೋರುತ್ತಾನೆ. ರಾಮಾಚಾರಿಯ ಕಥೆಯಲ್ಲಿ ಅಂಥ ಪರಿಮಾರ್ಜನೆಗೆ ಎಡೆಯಿಲ್ಲದೆ, ತಪ್ಪಿನ ಹೊಣೆ ಗುರು ಶಿಷ್ಯರಿಬ್ಬರ ಮೇಲೂ ಬೀಳುತ್ತದೆ. ಚಿತ್ರವು 1974ರಲ್ಲಿ ತೆಲುಗು, ತಮಿಳು, ಹಿಂದಿ ಭಾಷೆಗಳಲ್ಲಿ ಮರುನಿರ್ಮಾಣಗೊಂಡಿತು.